ಕಾಫ್ಕಾ–ಫ್ಲಿಂಕ್ ಕ್ಲಸ್ಟರ್‌ನಲ್ಲಿ ಸೆಟ್ಟಿಂಗ್ ಬದಲಾವಣೆ: ಯಾವುದಕ್ಕೆ ಯಾವ ದಾರಿ?

ಕಾಫ್ಕಾ (ಘಟನೆಗಳ ಡೇಟಾವನ್ನು ಸಾಲಾಗಿ ಕೂಡಿಟ್ಟು ಹಂಚುವ ವ್ಯವಸ್ಥೆ) ಮತ್ತು ಫ್ಲಿಂಕ್ (ಆ ಡೇಟಾ ಹರಿದು ಬರುತ್ತಿದ್ದಂತೆ ಲೆಕ್ಕ ಹಾಕುವ ವ್ಯವಸ್ಥೆ) ಓಡಿಸುವ ಟೀಮ್‌ಗೆ ಇಂಥ ಮೂರು ಕೋರಿಕೆಗಳು ಮತ್ತೆ ಮತ್ತೆ ಬರುತ್ತಿರುತ್ತವೆ. ಒಂದು, "ಡಿಸ್ಕ್ ತುಂಬ್ತಿದೆ, ಈ ಟಾಪಿಕ್‌ನ ಡೇಟಾ 7 ದಿನದ ಬದಲು 3 ದಿನ ಇಟ್ಟರೆ ಸಾಕು." ಎರಡು, "ಅನುಮಾನದ ಪಾವತಿ ಅಂತ ಗುರುತು ಹಾಕುವ ಮಿತಿಯನ್ನು ₹50,000ದಿಂದ ₹25,000ಕ್ಕೆ ಇಳಿಸಿ." ಮೂರು, "ಜಾಬ್ ಹಿಂದೆ ಬೀಳ್ತಿದೆ, ಪ್ಯಾರಲಲಿಸಂ ಡಬಲ್ ಮಾಡಿ." ಕೇಳೋಕೆ ಮೂರೂ ಒಂದೇ ಥರ. ಎಲ್ಲೋ ಒಂದು ಸಂಖ್ಯೆ ಬದಲಿಸಬೇಕು, ಅಷ್ಟೇ ಅಲ್ವಾ? ಆದರೆ ಮೊದಲನೆಯದು ಕಾಫ್ಕಾದ ಮೆಟಾಡೇಟಾದಲ್ಲಿ, ಅಂದರೆ ಟಾಪಿಕ್ (ಒಂದೊಂದು ಬಗೆಯ ಡೇಟಾದ ಸಾಲು) ಕುರಿತ ಮಾಹಿತಿಯಲ್ಲಿದೆ. ಎರಡನೆಯದು ನಿಮ್ಮ ಕೋಡ್‌ನೊಳಗೆ ಎಲ್ಲೋ ಇದೆ. ಮೂರನೆಯದು, ಅಂದರೆ ಪ್ಯಾರಲಲಿಸಂ (ಒಂದು ಕೆಲಸವನ್ನು ಎಷ್ಟು ಸಬ್‌ಟಾಸ್ಕ್‌ಗಳು ಒಟ್ಟಿಗೆ ಮಾಡುತ್ತವೆ ಎನ್ನುವ ಸಂಖ್ಯೆ), ಫ್ಲಿಂಕ್‌ನ ಸ್ಟೇಟ್ (ಜಾಬ್ ಈ ತನಕ ಲೆಕ್ಕ ಹಾಕಿ ನೆನಪಿಟ್ಟುಕೊಂಡದ್ದು) ಜೊತೆ ಗಂಟು ಹಾಕಿಕೊಂಡಿದೆ.

ದಾರಿ ಆರಿಸುವಾಗ ಎಲ್ಲರೂ ಮೊದಲು ಕೇಳುವುದು "ರೀಸ್ಟಾರ್ಟ್ ಬೇಕಾ?" ಎಂದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು "ತಪ್ಪಾದರೆ ವಾಪಸ್ ಬರೋದು ಹೇಗೆ?" ಎಂದು. ಮೊದಲ ಕೋರಿಕೆಯನ್ನೇ ನೋಡಿ. ರಿಟೆನ್ಷನ್ (ಡೇಟಾ ಇಟ್ಟುಕೊಳ್ಳುವ ಅವಧಿ) ಇಳಿಸಲು ಒಂದೇ ಕಮಾಂಡ್ ಸಾಕು, ರೀಸ್ಟಾರ್ಟ್ ಬೇಡ. ಆದರೆ ಬ್ರೋಕರ್ (ಕಾಫ್ಕಾದ ಒಂದು ಸರ್ವರ್) ಡೀಫಾಲ್ಟ್ ಆಗಿ 5 ನಿಮಿಷಕ್ಕೊಮ್ಮೆ ಅವಧಿ ಮೀರಿದ ಸೆಗ್ಮೆಂಟ್‌ಗಳನ್ನು (ಡೇಟಾ ಫೈಲ್‌ಗಳನ್ನು) ಹುಡುಕುತ್ತದೆ, ಸಿಕ್ಕಿದ್ದನ್ನು ಅಳಿಸುತ್ತದೆ. ಆಮೇಲೆ ನೀವು 3 ಅನ್ನು 7 ಮಾಡಿದರೆ ಸಂಖ್ಯೆ ವಾಪಸ್ ಬರುತ್ತದೆ, ಡೇಟಾ ಬರುವುದಿಲ್ಲ. ಇನ್ನೊಂದು ವಿಷಯ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫ್ಲಿಂಕ್ ಜಾಬ್‌ನ 5 ದಿನದ ಹಿಂದಿನ ಸೇವ್‌ಪಾಯಿಂಟ್ (ಬೇಕೆಂದಾಗ ತೆಗೆದಿಟ್ಟ ಸ್ಟೇಟ್‌ನ ಪ್ರತಿ) ನಿಮ್ಮ ಬಳಿ ಇದೆ ಎಂದುಕೊಳ್ಳಿ. ಅದರೊಳಗೆ 5 ದಿನ ಹಳೆಯ ಆಫ್‌ಸೆಟ್ (ಎಲ್ಲಿಯವರೆಗೆ ಓದಿದೆ ಎನ್ನುವ ಗುರುತು) ಇರುತ್ತದೆ. ರಿಟೆನ್ಷನ್ 3 ದಿನ ಆದ ಮೇಲೆ ಆ ಆಫ್‌ಸೆಟ್ ಕಾಫ್ಕಾದಲ್ಲಿ ಇರುವುದೇ ಇಲ್ಲ. ಅಂದರೆ ಕಾಫ್ಕಾ ಕಡೆಯ ಒಂದು ಸಣ್ಣ ಬದಲಾವಣೆ ಫ್ಲಿಂಕ್ ಕಡೆಯ ರೋಲ್‌ಬ್ಯಾಕ್ ದಾರಿಯನ್ನು ಮುಚ್ಚಿಹಾಕುತ್ತದೆ. ಎಷ್ಟು ಹಿಂದಕ್ಕೆ ಹೋಗುವ ಅವಕಾಶ ಬೇಕು ಎಂದು ಮೊದಲು ತೀರ್ಮಾನಿಸಿ. ರಿಟೆನ್ಷನ್ ಅದಕ್ಕಿಂತ ಜಾಸ್ತಿ ಇರಲಿ.

ಫೈಲ್ ಬದಲಿಸಿ ಒಂದೊಂದಾಗಿ ರೀಸ್ಟಾರ್ಟ್

ಹಳೆಯ ದಾರಿ, ಈಗಲೂ ಮರ್ಯಾದೆ ಇರುವ ದಾರಿ. ಸರ್ವರ್ ಪ್ರಾಪರ್ಟೀಸ್ ಫೈಲ್ ಗಿಟ್‌ನಲ್ಲಿರುತ್ತದೆ. ಆನ್ಸಿಬಲ್ ಎನ್ನುವ ಟೂಲ್ ಅದನ್ನು ಎಲ್ಲ ಬ್ರೋಕರ್‌ಗೂ ತಲುಪಿಸುತ್ತದೆ, ಆಮೇಲೆ ಒಂದೊಂದೇ ಬ್ರೋಕರ್ ನಿಲ್ಲಿಸಿ ಎಬ್ಬಿಸುತ್ತೀರಿ. ಯಾರು, ಯಾವಾಗ, ಯಾಕೆ ಬದಲಿಸಿದರು ಎನ್ನುವುದು ಕಮಿಟ್‌ನಲ್ಲೇ ಸಿಗುತ್ತದೆ. ವಾಪಸ್ ಹೋಗಲು ಹಳೆಯ ಕಮಿಟ್ ಇದ್ದರೆ ಆಯಿತು.

ತೊಂದರೆ ಏನೆಂದರೆ ಇದು ನಿಧಾನ, ಮತ್ತು ಅವಸರ ಮಾಡಿದರೆ ಅಪಾಯ. ರೆಪ್ಲಿಕೇಷನ್ 3 (ಡೇಟಾದ ಮೂರು ಪ್ರತಿ), ಕನಿಷ್ಠ ಇನ್‌ಸಿಂಕ್ ರೆಪ್ಲಿಕಾ 2 (ಬರೆಯಲು ಕನಿಷ್ಠ ಎರಡು ಪ್ರತಿಯಾದರೂ ಹಿಂದೆ ಬೀಳದೆ ಇರಬೇಕು) ಎಂದು ಇಟ್ಟಿದ್ದೀರಿ ಎನ್ನೋಣ. ಒಂದು ಬ್ರೋಕರ್ ಮಲಗಿದರೆ ಪರವಾಗಿಲ್ಲ. ಅದು ಎದ್ದು ಹಿಂದೆ ಉಳಿದ ಡೇಟಾವನ್ನು ಎಳೆದುಕೊಳ್ಳುವ ಮೊದಲೇ ಎರಡನೆಯದನ್ನು ನಿಲ್ಲಿಸಿದರೆ, ಎರಡರಲ್ಲೂ ರೆಪ್ಲಿಕಾ ಇರುವ ಪಾರ್ಟಿಷನ್‌ಗಳಿಗೆ (ಟಾಪಿಕ್‌ನ ಭಾಗಗಳಿಗೆ) ಬರೆಯುವುದು ನಿಂತುಹೋಗುತ್ತದೆ. ಎಲ್ಲ ರೆಪ್ಲಿಕಾಗಳ ಒಪ್ಪಿಗೆ ಕೇಳುವ ಪ್ರೊಡ್ಯೂಸರ್‌ಗಳಿಗೆ (ಡೇಟಾ ಬರೆಯುವ ಪ್ರೋಗ್ರಾಂಗಳಿಗೆ) ಎರರ್ ಬರುತ್ತದೆ. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ "60 ಸೆಕೆಂಡ್ ಕಾಯಿ" ಎಂದು ಬರೆಯಬೇಡಿ. ಅಂಡರ್-ರೆಪ್ಲಿಕೇಟೆಡ್ (ಪ್ರತಿಗಳು ಹಿಂದೆ ಬಿದ್ದಿರುವ) ಪಾರ್ಟಿಷನ್‌ಗಳ ಎಣಿಕೆ 0 ಆಗುವ ತನಕ ಕಾಯಿ ಎಂದು ಬರೆಯಿರಿ. ಆ ಹೊತ್ತಿಗೆ ಕಂಟ್ರೋಲರ್ (ಕ್ಲಸ್ಟರ್‌ನ ಉಸ್ತುವಾರಿ) ಆಗಿರುವ ನೋಡ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ನಿಲ್ಲಿಸಿದರೆ ಕಂಟ್ರೋಲರ್ ಪಟ್ಟ ಒಂದೇ ರಾತ್ರಿ ಹಲವು ಸಲ ಕೈ ಬದಲಾಗುತ್ತದೆ, ಸುಮ್ನೆ.

ಡಿಸ್ಕ್ ಪಾತ್, ನೋಡ್ ಐಡಿಯಂಥ ಸೆಟ್ಟಿಂಗ್‌ಗಳಿಗೆ ಬೇರೆ ದಾರಿಯೇ ಇಲ್ಲ. ಕಾಫ್ಕಾ ಡಾಕ್ಯುಮೆಂಟ್‌ನಲ್ಲಿ ಅಂಥವುಗಳ ಮುಂದೆ ರೀಡ್-ಓನ್ಲಿ ಎಂದು ಬರೆದಿರುತ್ತದೆ.

ಕಾಫ್ಕಾದ ಡೈನಾಮಿಕ್ ಸೆಟ್ಟಿಂಗ್

2018ರಲ್ಲಿ ಬಂದ ಕಾಫ್ಕಾ 1.1ರಿಂದ ಬ್ರೋಕರ್‌ನ ಹಲವು ಸೆಟ್ಟಿಂಗ್‌ಗಳನ್ನು ಓಡುತ್ತಿರುವಾಗಲೇ ಬದಲಿಸಬಹುದು. ಕೆಲವು ಇಡೀ ಕ್ಲಸ್ಟರ್‌ಗೆ, ಕೆಲವು ಒಂದೊಂದು ಬ್ರೋಕರ್‌ಗೆ. ಮೊದಲು ಇವು ಝೂಕೀಪರ್ ಎನ್ನುವ ಪ್ರತ್ಯೇಕ ಸೇವೆಯಲ್ಲಿ ಕೂರುತ್ತಿದ್ದವು. ಝೂಕೀಪರ್ ಬೇಡದ ಕ್ರಾಫ್ಟ್ (KRaft) ವ್ಯವಸ್ಥೆ ಬಂದ ಮೇಲೆ ಕಾಫ್ಕಾದ್ದೇ ಮೆಟಾಡೇಟಾ ಲಾಗ್‌ನಲ್ಲಿ ಕೂರುತ್ತವೆ. 2025ರ ಕಾಫ್ಕಾ 4.0ರಲ್ಲಿ ಝೂಕೀಪರ್ ಪೂರ್ತಿ ಹೋಯಿತು.

ಯಾವ ಮೌಲ್ಯ ಗೆಲ್ಲುತ್ತದೆ ಎನ್ನುವ ಕ್ರಮ ಬಾಯಿಪಾಠ ಇರಬೇಕು. ಒಂದು ಬ್ರೋಕರ್‌ಗೆಂದೇ ಹಾಕಿದ ಡೈನಾಮಿಕ್ ಮೌಲ್ಯ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಇಡೀ ಕ್ಲಸ್ಟರ್‌ನ ಡೈನಾಮಿಕ್ ಮೌಲ್ಯ. ಅದರ ಕೆಳಗೆ ಫೈಲ್. ಕೊನೆಗೆ ಕಾಫ್ಕಾದ ಡೀಫಾಲ್ಟ್. ಈ ಕ್ರಮದಿಂದಲೇ ದೊಡ್ಡ ಗೊಂದಲ ಹುಟ್ಟುತ್ತದೆ. ಯಾರೋ ಒಬ್ಬರು ರಾತ್ರಿ ಆನ್‌ಕಾಲ್‌ನಲ್ಲಿ ಮೂರನೇ ಬ್ರೋಕರ್‌ಗೆ ಮಾತ್ರ ಒಂದು ಮೌಲ್ಯ ಹಾಕಿ ಮಲಗುತ್ತಾರೆ. ಎರಡು ತಿಂಗಳ ಮೇಲೆ ಇನ್ನೊಬ್ಬರು ಫೈಲ್ ಬದಲಿಸಿ, ರಿವ್ಯೂ ಮಾಡಿಸಿ, ಎಲ್ಲ ಬ್ರೋಕರ್ ರೀಸ್ಟಾರ್ಟ್ ಮಾಡುತ್ತಾರೆ. ಮೂರನೇ ಬ್ರೋಕರ್ ಮಾತ್ರ ಹೊಸ ಮೌಲ್ಯವನ್ನು ಮೂಸಿಯೂ ನೋಡುವುದಿಲ್ಲ. ಎಲ್ಲೂ ಎರರ್ ಬರುವುದಿಲ್ಲ, ಫೈಲ್ ಸರಿಯಾಗೇ ಇದೆ. ಇಂಥಲ್ಲಿ ಕಾಫ್ಕಾ-ಕಾನ್ಫಿಗ್ಸ್ ಕಮಾಂಡ್‌ಗೆ ಡಿಸ್ಕ್ರೈಬ್ ಜೊತೆ ಆಲ್ ಎನ್ನುವ ಆಯ್ಕೆ ಕೊಡಿ. ಪ್ರತಿ ಸೆಟ್ಟಿಂಗ್‌ನ ಮೌಲ್ಯ ಎಲ್ಲಿಂದ ಬಂತು ಎಂಬುದನ್ನೂ ಅದು ತೋರಿಸುತ್ತದೆ. ಈ ಔಟ್‌ಪುಟ್ ಅನ್ನು ದಿನಕ್ಕೊಮ್ಮೆ ತೆಗೆದು ಗಿಟ್ ಜೊತೆ ಹೋಲಿಸುವ ಒಂದು ಪುಟ್ಟ ಜಾಬ್ ಇಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ಇನ್ನೊಂದೆರಡು ಕಡೆ ಕಾಲು ಜಾರುತ್ತದೆ. ಥ್ರೆಡ್‌ಗಳ ಸಂಖ್ಯೆಯನ್ನು ಒಂದು ಸಲಕ್ಕೆ ಈಗಿರುವುದರ ಅರ್ಧದಿಂದ ಎರಡು ಪಟ್ಟಿನೊಳಗೆ ಮಾತ್ರ ಬದಲಿಸಬಹುದು. ಐಓ ಥ್ರೆಡ್ ಡೀಫಾಲ್ಟ್ 8. 32 ಬೇಕೆಂದರೆ ಮೊದಲು 16, ಆಮೇಲೆ 32. ಇನ್ನು ಪ್ರೋಗ್ರಾಂ ಮೂಲಕ ಬದಲಿಸುವವರಿಗೆ: ಅಡ್ಮಿನ್ ಕ್ಲೈಂಟ್‌ನ ಹಳೆಯ ಆಲ್ಟರ್-ಕಾನ್ಫಿಗ್ಸ್ ನೀವು ಕೊಟ್ಟಿದ್ದನ್ನು ಮಾತ್ರ ಉಳಿಸಿ, ಕೊಡದೇ ಬಿಟ್ಟ ಡೈನಾಮಿಕ್ ಮೌಲ್ಯಗಳನ್ನೆಲ್ಲ ಡೀಫಾಲ್ಟ್‌ಗೆ ತಳ್ಳುತ್ತಿತ್ತು. ಒಂದು ಸೆಟ್ಟಿಂಗ್ ಮುಟ್ಟಲು ಹೋಗಿ ಐದು ಕಳೆದುಕೊಳ್ಳುವ ಬಾಬತ್ತು. 2.3ರಲ್ಲಿ ಬಂದ ಇನ್‌ಕ್ರಿಮೆಂಟಲ್ ಆವೃತ್ತಿ ಹೇಳಿದ್ದನ್ನು ಮಾತ್ರ ಬದಲಿಸುತ್ತದೆ. 4.0ರಲ್ಲಿ ಹಳೆಯದನ್ನು ತೆಗೆದೇ ಹಾಕಿದ್ದಾರೆ. ನಿಮ್ಮ ಒಳಗಿನ ಟೂಲ್‌ಗಳಲ್ಲಿ ಅದು ಇನ್ನೂ ಅವಿತಿದೆಯಾ ನೋಡಿ.

ನನ್ನ ಅಭಿಪ್ರಾಯ ಇಷ್ಟು. ಟಾಪಿಕ್ ಮಟ್ಟದ ಸೆಟ್ಟಿಂಗ್, ರೆಪ್ಲಿಕೇಷನ್ ವೇಗಕ್ಕೆ ಕಡಿವಾಣ, ಥ್ರೆಡ್ ಸಂಖ್ಯೆ, ಸರ್ಟಿಫಿಕೇಟ್ ಬದಲಾವಣೆ, ಇವಕ್ಕೆ ಡೈನಾಮಿಕ್ ದಾರಿಯೇ ಸರಿ. ಒಂದು ಸರ್ಟಿಫಿಕೇಟ್‌ಗಾಗಿ ಇಡೀ ಕ್ಲಸ್ಟರ್ ಸುತ್ತುವುದು (ಒಂದೊಂದೇ ಬ್ರೋಕರ್ ರೀಸ್ಟಾರ್ಟ್ ಮಾಡುವುದು) ವ್ಯರ್ಥ. ಉಳಿದದ್ದಕ್ಕೆ ಡೈನಾಮಿಕ್ ಎಂದರೆ ತುರ್ತು ಚಿಕಿತ್ಸೆ. ಬೆಂಕಿ ಆರಿದ ದಿನವೇ ಅದನ್ನು ಫೈಲ್‌ಗೂ ಬರೆದು, ಡೈನಾಮಿಕ್ ಮೌಲ್ಯವನ್ನು ಅಳಿಸಿಬಿಡಿ. ಬ್ರೋಕರ್‌ನ ಲಾಗ್ ಮಟ್ಟವನ್ನೂ ಹೀಗೇ ಬದಲಿಸಬಹುದು, ಆದರೆ ಅದು ರೀಸ್ಟಾರ್ಟ್ ಆದರೆ ಉಳಿಯುವುದಿಲ್ಲ. ಅಲ್ಲಿ ಅದು ಒಳ್ಳೆಯದೇ.

ಪಾರ್ಟಿಷನ್ ಸಂಖ್ಯೆಯನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅದೂ ಒಂದೇ ಕಮಾಂಡ್, ಆದರೆ ಏರಿಸಬಹುದೇ ಹೊರತು ಇಳಿಸಲಾಗದು. ಯಾವ ಕೀ (ಉದಾಹರಣೆಗೆ ಗ್ರಾಹಕನ ಐಡಿ) ಯಾವ ಪಾರ್ಟಿಷನ್‌ಗೆ ಹೋಗುತ್ತದೆ ಎನ್ನುವ ಲೆಕ್ಕವೂ ಆ ಕ್ಷಣದಿಂದ ಬದಲಾಗುತ್ತದೆ. ಒಂದೇ ಗ್ರಾಹಕನ ಹಳೆಯ ಘಟನೆ ಒಂದು ಪಾರ್ಟಿಷನ್‌ನಲ್ಲಿ, ಹೊಸದು ಇನ್ನೊಂದರಲ್ಲಿ. ಕ್ರಮ ನಂಬಿಕೊಂಡ ಜಾಬ್‌ಗಳಿಗೆ ಇದು ನೇರ ಪೆಟ್ಟು.

ಫ್ಲಿಂಕ್: ಸೇವ್‌ಪಾಯಿಂಟ್ ತೆಗೆದು ಮತ್ತೆ ಎಬ್ಬಿಸುವುದು

ಮೂರನೇ ಕೋರಿಕೆಗೆ ಸಾಂಪ್ರದಾಯಿಕ ಉತ್ತರ ಇದು. ಸೇವ್‌ಪಾಯಿಂಟ್ ಜೊತೆ ಜಾಬ್ ನಿಲ್ಲಿಸಿ, ಹೊಸ ಪ್ಯಾರಲಲಿಸಂ ಕೊಟ್ಟು, ಅದೇ ಸೇವ್‌ಪಾಯಿಂಟ್‌ನಿಂದ ಶುರು ಮಾಡಿ. ವಾಪಸ್ ಬರುವ ದಾರಿಯೂ ಅದೇ ಸೇವ್‌ಪಾಯಿಂಟ್. ಆದರೆ ಅದು ಕೆಲಸ ಮಾಡಬೇಕಾದರೆ ಎರಡು ಕೆಲಸ ಮೊದಲ ದಿನವೇ ಆಗಿರಬೇಕು.

ಒಂದು, ಸ್ಟೇಟ್ ಇರುವ ಪ್ರತಿ ಆಪರೇಟರ್‌ಗೂ (ಜಾಬ್‌ನೊಳಗಿನ ಒಂದೊಂದು ಹಂತಕ್ಕೂ) ಕೈಯಾರೆ ಯುಐಡಿ (ಗುರುತಿನ ಹೆಸರು) ಕೊಟ್ಟಿರಬೇಕು. ಕೊಡದಿದ್ದರೆ ಫ್ಲಿಂಕ್ ಜಾಬ್‌ನ ಆಕಾರ ನೋಡಿ ತಾನೇ ಒಂದು ಹೆಸರು ಕಟ್ಟುತ್ತದೆ. ನೀವು ಮಧ್ಯದಲ್ಲಿ ಒಂದು ಫಿಲ್ಟರ್ ಸೇರಿಸಿದರೂ ಆ ಹೆಸರು ಬದಲಾಗಿ ಹಳೆಯ ಸ್ಟೇಟ್ ಯಾರದ್ದೆಂದು ಗೊತ್ತಾಗದೇ ಹೋಗಬಹುದು. ಆಗ ಫ್ಲಿಂಕ್ ಶುರುವಾಗಲು ಒಪ್ಪುವುದಿಲ್ಲ. ಕೆಲವರು ಆ ಹೊತ್ತಿನಲ್ಲಿ "ಹೊಂದದ ಸ್ಟೇಟ್ ಬಿಟ್ಟುಬಿಡು" ಎನ್ನುವ ಆಯ್ಕೆ ಹಾಕಿ ಮುಂದೆ ಹೋಗುತ್ತಾರೆ. ಜಾಬ್ ಹಸಿರು ಬಣ್ಣದಲ್ಲಿ ಓಡುತ್ತದೆ, ಎಣಿಕೆಗಳು ಸೊನ್ನೆಯಿಂದ ಶುರುವಾಗುತ್ತವೆ.

ಎರಡು, ಗರಿಷ್ಠ ಪ್ಯಾರಲಲಿಸಂ. ಕೀ ಇರುವ ಸ್ಟೇಟ್ ಅನ್ನು ಫ್ಲಿಂಕ್ ಕೀ-ಗ್ರೂಪ್‌ಗಳಾಗಿ ಹಂಚುತ್ತದೆ. ಆ ಗ್ರೂಪ್‌ಗಳ ಸಂಖ್ಯೆ ಒಮ್ಮೆ ನಿಂತರೆ ನಿಂತಂತೆ, ಸ್ಟೇಟ್ ಉಳಿಸಿಕೊಂಡು ಬದಲಿಸಲಾಗುವುದಿಲ್ಲ. ನೀವು ಹೇಳದಿದ್ದರೆ ಸಣ್ಣ ಜಾಬ್‌ಗೆ ಅದು 128 ಆಗುತ್ತದೆ. 8ರಲ್ಲಿ ಶುರು ಮಾಡಿದಾಗ 128 ಬಹಳ ದೂರ ಕಾಣುತ್ತದೆ. ಮುಂದೊಂದು ದಿನ 100ಕ್ಕೆ ಏರಿಸಿದಿರಿ ಎನ್ನಿ. 128 ಗ್ರೂಪ್‌ಗಳನ್ನು 100 ಸಬ್‌ಟಾಸ್ಕ್‌ಗೆ ಹಂಚಿದರೆ 28ಕ್ಕೆ ಎರಡೆರಡು, 72ಕ್ಕೆ ಒಂದೊಂದು. ಆ 28ರ ಮೇಲೆ ಸರಿಸುಮಾರು ಡಬಲ್ ಹೊರೆ. ನೀವು ದುಡ್ಡು ಕೊಡುವುದು 100ಕ್ಕೆ, ವೇಗ ಸಿಗುವುದು 64 ಸಬ್‌ಟಾಸ್ಕ್‌ಗಳದ್ದು. ಏಕೆಂದರೆ 64ರಲ್ಲೂ ತಲೆಗೆ ಎರಡೇ ಗ್ರೂಪ್ ಬರುತ್ತದೆ. ಶುರುವಿನಲ್ಲೇ 720ರಂಥ ಹಲವು ಸಂಖ್ಯೆಗಳಿಂದ ಭಾಗವಾಗುವ ಮೌಲ್ಯ ಇಟ್ಟುಬಿಡಿ.

ನಿಲ್ಲಿಸಿದ ಹೊತ್ತಿನ ಲೆಕ್ಕವನ್ನೂ ಮೊದಲೇ ಹಾಕಿ. ಜಾಬ್ 5 ನಿಮಿಷ ನಿಂತಿತು, ಬರುವ ಡೇಟಾದ 1.25 ಪಟ್ಟು ವೇಗದಲ್ಲಿ ಅದು ಓಡಬಲ್ಲದು ಎಂದಾದರೆ, ಹಿಂದೆ ಬಿದ್ದದ್ದನ್ನು ಹಿಡಿಯಲು 20 ನಿಮಿಷ ಬೇಕು. ಆದ್ದರಿಂದ ಬಿಸಿನೆಸ್ ಟೀಮ್‌ಗೆ "ಐದು ನಿಮಿಷ" ಎನ್ನಬೇಡಿ, "ಅರ್ಧ ಗಂಟೆ" ಎನ್ನಿ.

ಫ್ಲಿಂಕ್ 1.18ರಿಂದ ಅಡಾಪ್ಟಿವ್ ಶೆಡ್ಯೂಲರ್ ಇದ್ದರೆ ರೆಸ್ಟ್ ಎಪಿಐ ಮೂಲಕವೇ ಪ್ಯಾರಲಲಿಸಂ ಬದಲಿಸಬಹುದು. ಜಾಬ್ ಮತ್ತೆ ಸಬ್ಮಿಟ್ ಮಾಡಬೇಕಿಲ್ಲ. ರೀಸ್ಟಾರ್ಟ್ ಇಲ್ಲವೇ ಇಲ್ಲ ಎಂದಲ್ಲ, ಒಳಗೊಳಗೇ ಚೆಕ್‌ಪಾಯಿಂಟ್‌ನಿಂದ (ಫ್ಲಿಂಕ್ ತಾನೇ ಆಗಾಗ ತೆಗೆದಿಡುವ ಸ್ಟೇಟ್‌ನ ಪ್ರತಿಯಿಂದ) ಎದ್ದು ಬರುತ್ತದೆ, ಆದರೆ ಬಿಡುವು ಕಡಿಮೆ. ಸಂಖ್ಯೆ ಏರಿಸುವುದು ಇಳಿಸುವುದಷ್ಟೇ ಕೆಲಸವಾದರೆ ನಾನು ಇದನ್ನೇ ಆರಿಸುತ್ತೇನೆ. ಕೋಡ್ ಕೂಡ ಬದಲಾಗುತ್ತಿದ್ದರೆ ಸೇವ್‌ಪಾಯಿಂಟ್ ದಾರಿ.

ಫ್ಲಿಂಕ್ ಬದಲು ಸ್ಪಾರ್ಕ್ ಸ್ಟ್ರಕ್ಚರ್ಡ್ ಸ್ಟ್ರೀಮಿಂಗ್‌ನಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿ ಸ್ಟೇಟ್ ಇರುವ ಕ್ವೆರಿಯ ಶಫಲ್ ಪಾರ್ಟಿಷನ್ ಸಂಖ್ಯೆ, ಡೀಫಾಲ್ಟ್ 200, ಚೆಕ್‌ಪಾಯಿಂಟ್‌ಗೆ ಅಂಟಿಕೊಂಡಿರುತ್ತದೆ. ಕಾನ್ಫಿಗ್‌ನಲ್ಲಿ ಬದಲಿಸಿದರೂ ಹಳೆಯ ಚೆಕ್‌ಪಾಯಿಂಟ್‌ನಿಂದ ಎದ್ದಾಗ ಹಳೆಯ ಸಂಖ್ಯೆಯೇ ನಡೆಯುತ್ತದೆ.

ನಿಯಮಗಳು: ಹೊರಗಿನ ಸ್ಟೋರ್ ಅಥವಾ ಬ್ರಾಡ್‌ಕಾಸ್ಟ್ ಸ್ಟೇಟ್

ಎರಡನೇ ಕೋರಿಕೆ, ಆ ₹25,000ದ ಮಿತಿ, ನಿಜಕ್ಕೂ ಯೋಚನೆ ಬೇಡುವಂಥದ್ದು. ಇದನ್ನು ಜಾಬ್‌ನ ಆರ್ಗ್ಯುಮೆಂಟ್ ಆಗಿ ಕೊಟ್ಟಿದ್ದರೆ ಪ್ರತಿ ಸಲ ಸೇವ್‌ಪಾಯಿಂಟ್ ಮತ್ತು ರೀಸ್ಟಾರ್ಟ್. ತಿಂಗಳಿಗೊಮ್ಮೆ ಬದಲಾಗುವುದಾದರೆ ಅದೇ ಸಾಕು, ಇದಕ್ಕಿಂತ ಸರಳ ಬೇರೆ ಇಲ್ಲ. ದಿನಕ್ಕೆ ನಾಲ್ಕು ಸಲ ಬದಲಾಗುವುದಾದರೆ ಎರಡು ದಾರಿ.

ಮೊದಲನೆಯದು, ಮಿತಿಯನ್ನು ಕಾನ್ಸುಲ್, ಎಟ್‌ಸಿಡಿ, ಝೂಕೀಪರ್‌ನಂಥ ಸೆಟ್ಟಿಂಗ್ ಸ್ಟೋರ್ ಅಥವಾ ಒಂದು ಡೇಟಾಬೇಸ್ ಟೇಬಲ್‌ನಲ್ಲಿ ಇಟ್ಟು, ಪ್ರತಿ ಟಾಸ್ಕ್ ಆಗಾಗ ಓದಿಕೊಳ್ಳುವುದು. ಬರೆಯಲು ಸುಲಭ, ಒಂದು ಮಧ್ಯಾಹ್ನದ ಕೆಲಸ. ಝೂಕೀಪರ್ ಆದರೆ ಸಾಮಾನ್ಯ ವಾಚ್ (ಬದಲಾವಣೆಯ ಸೂಚನೆ) ಒಮ್ಮೆ ಮಾತ್ರ ಮೊಳಗುತ್ತದೆ, ಮತ್ತೆ ಹಾಕಿಕೊಳ್ಳಬೇಕು ಎನ್ನುವುದು ನೆನಪಿರಲಿ. ನನ್ನ ತಕರಾರು ಬೇರೆ. ಜಾಬ್ ಬಿದ್ದು 10 ನಿಮಿಷ ಹಳೆಯ ಚೆಕ್‌ಪಾಯಿಂಟ್‌ನಿಂದ ಎದ್ದಾಗ ಅದು ಹಳೆಯ ಪಾವತಿಗಳನ್ನು ಮತ್ತೆ ಓದುತ್ತದೆ. ಸ್ಟೋರ್‌ನಲ್ಲಿ ಆಗಲೇ ಹೊಸ ಮಿತಿ ಇರುತ್ತದೆ. ಮೊದಲ ಸಲ ಪಾಸ್ ಆದ ಪಾವತಿ ಎರಡನೇ ಸಲ ಅನುಮಾನದ ಪಟ್ಟಿಗೆ ಬೀಳುತ್ತದೆ. ಆಡಿಟ್‌ನವರು "ಈ ಪಾವತಿಗೆ ಯಾವ ನಿಯಮ ಹಚ್ಚಿದಿರಿ?" ಎಂದರೆ ನಿಮ್ಮ ಹತ್ತಿರ ಉತ್ತರ ಇಲ್ಲ. ಡ್ಯಾಶ್‌ಬೋರ್ಡ್ ಎಣಿಕೆಗೆ ಇದು ನಡೆಯುತ್ತದೆ. ದುಡ್ಡಿನ ವ್ಯವಹಾರಕ್ಕೆ ಬೇಡ.

ಎರಡನೆಯದು ಫ್ಲಿಂಕ್ 1.5ರಲ್ಲಿ ಬಂದ ಬ್ರಾಡ್‌ಕಾಸ್ಟ್ ಸ್ಟೇಟ್. ಇಲ್ಲಿ ನಿಯಮವೂ ಒಂದು ಘಟನೆ. ಕಾಫ್ಕಾದ ಕಂಪ್ಯಾಕ್ಟ್ ಆಗುವ (ಪ್ರತಿ ಕೀಯ ಕೊನೆಯ ಮೌಲ್ಯ ಉಳಿಸಿಕೊಳ್ಳುವ) ಒಂದು ಟಾಪಿಕ್‌ಗೆ ಅದನ್ನು ಬರೆಯುತ್ತೀರಿ, ಫ್ಲಿಂಕ್ ಅದನ್ನು ಎಲ್ಲ ಸಬ್‌ಟಾಸ್ಕ್‌ಗೂ ಹಂಚುತ್ತದೆ. ನಿಯಮ ಚೆಕ್‌ಪಾಯಿಂಟ್‌ನೊಳಗೇ ಉಳಿಯುವುದರಿಂದ ಜಾಬ್ ಎದ್ದಾಗ ಆಗ ಇದ್ದ ನಿಯಮವೇ ಕೈಗೆ ಸಿಗುತ್ತದೆ. ಪಾವತಿಗೂ ನಿಯಮಕ್ಕೂ ಒಂದೇ ಗಡಿಯಾರ ಬೇಕಾದರೆ ನಿಯಮದೊಳಗೆ "ಎಂದಿನಿಂದ ಜಾರಿ" ಎನ್ನುವ ಸಮಯ ಬರೆದು, ಪಾವತಿಯ ಸಮಯದೊಂದಿಗೆ ಹೋಲಿಸಿ. ನನಗೆ ಈ ದಾರಿ ಇಷ್ಟ. ಆದರೆ ಇದನ್ನು ಪುಕ್ಕಟೆ ಅಂದುಕೊಂಡು ಇಳಿಯಬೇಡಿ.

ಈ ಸ್ಟೇಟ್ ರಾಕ್ಸ್‌ಡಿಬಿಗೆ (ಸ್ಟೇಟ್ ಅನ್ನು ಡಿಸ್ಕ್‌ನಲ್ಲಿಡುವ ಸ್ಟೋರ್‌ಗೆ) ಹೋಗುವುದಿಲ್ಲ, ಮೆಮೊರಿಯಲ್ಲೇ ಕೂರುತ್ತದೆ, ಅದೂ ಪ್ರತಿ ಸಬ್‌ಟಾಸ್ಕ್‌ನಲ್ಲಿ ಒಂದು ಪ್ರತಿ. ನಿಯಮಗಳ ಗಾತ್ರ 200 ಎಂಬಿ, ಸಬ್‌ಟಾಸ್ಕ್ 50 ಆದರೆ 10 ಜಿಬಿ ಹೋಯಿತು, ಚೆಕ್‌ಪಾಯಿಂಟ್‌ನಲ್ಲೂ ಅಷ್ಟೇ. ಸಬ್‌ಟಾಸ್ಕ್‌ಗಳಿಗೆ ನಿಯಮಗಳು ಒಂದೇ ಕ್ರಮದಲ್ಲಿ ತಲುಪುವ ಭರವಸೆಯೂ ಇಲ್ಲ. ಹಾಗಾಗಿ ಪ್ರತಿ ನಿಯಮಕ್ಕೂ ಆವೃತ್ತಿ ಸಂಖ್ಯೆ ಇರಲಿ, ಹಳೆಯ ಆವೃತ್ತಿ ತಡವಾಗಿ ಬಂದರೆ ಕಡೆಗಣಿಸಿ. ಜಾಬ್ ಮೊದಲ ಸಲ ಎದ್ದಾಗ ನಿಯಮಗಳಿಗಿಂತ ಮುಂಚೆ ಪಾವತಿಗಳು ಬರಬಹುದು. ಆಗ ಏನು ಮಾಡಬೇಕು, ಹಿಡಿದಿಡಬೇಕಾ ಬಿಡಬೇಕಾ ಎಂದು ಕೋಡ್‌ನಲ್ಲಿ ಬರೆದಿರಬೇಕು.

ಇನ್ನು ವಾಟರ್‌ಮಾರ್ಕ್, ಅಂದರೆ ಯಾವ ಹೊತ್ತಿನವರೆಗಿನ ಘಟನೆಗಳು ಬಂದಾಯಿತು ಎನ್ನುವ ಗುರುತು. ಇದರಲ್ಲಿ ಸಿಕ್ಕಿಬಿದ್ದವರಿಗೆ ಕಾರಣ ಹೊಳೆಯುವುದು ತಡ. ಎರಡು ಸ್ಟ್ರೀಮ್ ಸೇರುವ ಕಡೆ ಫ್ಲಿಂಕ್ ಎರಡರಲ್ಲಿ ಚಿಕ್ಕ ವಾಟರ್‌ಮಾರ್ಕ್ ಅನ್ನು ಹಿಡಿಯುತ್ತದೆ. ನಿಯಮದ ಸ್ಟ್ರೀಮ್‌ನಲ್ಲಿ ಎರಡು ದಿನ ಏನೂ ಬರದಿದ್ದರೆ ಅದರ ವಾಟರ್‌ಮಾರ್ಕ್ ಅಲ್ಲೇ ನಿಲ್ಲುತ್ತದೆ. ಪಾವತಿಗಳು ಹರಿಯುತ್ತಿದ್ದರೂ ವಿಂಡೋಗಳು (ಎಣಿಕೆಯ ಕಾಲಾವಧಿಗಳು) ಮುಚ್ಚುವುದಿಲ್ಲ, ಸ್ಟೇಟ್ ಬೆಳೆಯುತ್ತಲೇ ಇರುತ್ತದೆ. ನಿಯಮದ ಸೋರ್ಸ್‌ಗೆ ಐಡಲ್ ಸಮಯ (ಇಷ್ಟು ಹೊತ್ತು ಏನೂ ಬರದಿದ್ದರೆ ಅದಕ್ಕೆ ಕಾಯಬೇಡ ಎಂದು) ಹೇಳಿಬಿಡುವುದು ಇದಕ್ಕೆ ಮದ್ದು.

ಕೆಟ್ಟ ನಿಯಮದ ವಿಷಯಕ್ಕೆ ಬರೋಣ. ಎಲ್ಲ ಕಡೆ ಕ್ಷಣದಲ್ಲಿ ತಲುಪುವ ದಾರಿ ತಪ್ಪನ್ನೂ ಕ್ಷಣದಲ್ಲಿ ತಲುಪಿಸುತ್ತದೆ. 2019ರ ಜುಲೈ 2ರಂದು ಇಂಟರ್ನೆಟ್ ಸೇವೆಯ ಕಂಪನಿ ಕ್ಲೌಡ್‌ಫ್ಲೇರ್‌ನಲ್ಲಿ ಆಗಿದ್ದು ಇದೇ. ಫೈರ್‌ವಾಲ್ ನಿಯಮವೊಂದರ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯ ಹುಡುಕುವ ನಮೂನೆ) ಸಿಪಿಯು ನುಂಗಿತು. ನಿಯಮಗಳನ್ನು ಹಂತಹಂತವಾಗಿ ಬಿಡದೆ ಇಡೀ ಜಗತ್ತಿಗೆ ಒಟ್ಟಿಗೆ ಕಳಿಸುತ್ತಿದ್ದರಿಂದ ಎಲ್ಲೆಡೆಯ ಸರ್ವರ್‌ಗಳೂ ಒಟ್ಟಿಗೇ ಉಸಿರುಗಟ್ಟಿದವು. ಫ್ಲಿಂಕ್‌ನಲ್ಲಿ ಇದು ಇನ್ನೂ ಹಠಮಾರಿ. ಕೆಟ್ಟ ನಿಯಮ ಟಾಸ್ಕ್ ಅನ್ನು ಬೀಳಿಸುತ್ತದೆ, ಜಾಬ್ ಚೆಕ್‌ಪಾಯಿಂಟ್‌ನಿಂದ ಏಳುತ್ತದೆ, ಆ ನಿಯಮ ಚೆಕ್‌ಪಾಯಿಂಟ್‌ನಲ್ಲೋ ಟಾಪಿಕ್‌ನಲ್ಲೋ ಹಾಗೇ ಇರುತ್ತದೆ, ಮತ್ತೆ ಬೀಳುತ್ತದೆ. ಆದ್ದರಿಂದ ಟಾಪಿಕ್‌ಗೆ ಬರೆಯುವ ಮೊದಲೇ ನಿಯಮವನ್ನು ಪರೀಕ್ಷಿಸುವ ಒಂದು ಗೇಟ್ ಬೇಕು. ನಿಯಮ ಓಡಿಸುವ ಕೋಡ್ ಎಕ್ಸೆಪ್ಷನ್ ಹಿಡಿದು ಆ ನಿಯಮವನ್ನು ಮಾತ್ರ ಬದಿಗಿಡಬೇಕು. ಹೊಸ ನಿಯಮ ಮೊದಲು ಬರೀ ಲಾಗ್ ಬರೆಯಲಿ. ಒಂದು ದಿನದ ಎಣಿಕೆ ನೋಡಿದ ಮೇಲೆ ಪಾವತಿ ತಡೆಯುವ ಅಧಿಕಾರ ಕೊಡಿ.

ಕುಬರ್ನೆಟಿಸ್ ಆಪರೇಟರ್‌ಗಳು

ಕುಬರ್ನೆಟಿಸ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಮೇಲೆ ಇಂಥ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂಗೂ ಆಪರೇಟರ್ ಎಂದೇ ಹೆಸರು: ಕಾಫ್ಕಾಗೆ ಸ್ಟ್ರಿಮ್ಜಿ, ಫ್ಲಿಂಕ್‌ಗೆ 2022ರಲ್ಲಿ 1.0 ಆದ ಫ್ಲಿಂಕ್ ಕುಬರ್ನೆಟಿಸ್ ಆಪರೇಟರ್. ಬೇಕಾದ ಸ್ಥಿತಿಯನ್ನು ಯಾಮಲ್ ಫೈಲ್‌ನಲ್ಲಿ ಬರೆದು ಗಿಟ್‌ಗೆ ಹಾಕಿದರೆ ಉಳಿದದ್ದು ಆಪರೇಟರ್ ಕೆಲಸ. ಬದಲಾದ ಸೆಟ್ಟಿಂಗ್ ಡೈನಾಮಿಕ್ ಆಗಿ ಹಾಕಬಹುದಾ, ಬ್ರೋಕರ್ ಸುತ್ತಬೇಕಾ ಎಂದು ಸ್ಟ್ರಿಮ್ಜಿ ತಾನೇ ತೀರ್ಮಾನಿಸುತ್ತದೆ. ಫೈಲ್ ದಾರಿಯ ಶಿಸ್ತು, ಡೈನಾಮಿಕ್ ದಾರಿಯ ವೇಗ, ಎರಡೂ ಸಿಗುತ್ತವೆ.

ಬದಲಿಗೆ ನೀವು ಕೈ ಹಾಕುವುದನ್ನು ಬಿಡಬೇಕು. ರಾತ್ರಿ ಎರಡಕ್ಕೆ ನೀವು ಕಮಾಂಡ್‌ನಿಂದ ರಿಟೆನ್ಷನ್ ಏರಿಸುತ್ತೀರಿ, ಟಾಪಿಕ್ ಆಪರೇಟರ್ ಮುಂದಿನ ಸುತ್ತಿನಲ್ಲಿ ಯಾಮಲ್ ನೋಡಿ ಅದನ್ನು ಇಳಿಸುತ್ತದೆ. ಮನೆಯಲ್ಲಿ ಒಬ್ಬರು ಫ್ಯಾನ್ ಹಾಕಿದರೆ ಇನ್ನೊಬ್ಬರು ಆರಿಸುವ ಹಾಗೆ. ತುರ್ತಿನಲ್ಲಿ ಮೊದಲು ಆಪರೇಟರ್ ಅನ್ನು ತಡೆಹಿಡಿಯುವ ಅನೊಟೇಷನ್ ಹಾಕಿ, ಆಮೇಲೆ ಕೈ ಹಾಕಿ.

ಫ್ಲಿಂಕ್ ಆಪರೇಟರ್‌ನಲ್ಲಿ ಅಪ್‌ಗ್ರೇಡ್ ಮೋಡ್ ಎನ್ನುವ ಒಂದು ಸಾಲು ಇದೆ. ಸ್ಟೇಟ್‌ಲೆಸ್, ಲಾಸ್ಟ್-ಸ್ಟೇಟ್, ಸೇವ್‌ಪಾಯಿಂಟ್ ಎಂದು ಮೂರು ಆಯ್ಕೆ. ಸ್ಟೇಟ್ ಇರುವ ಜಾಬ್‌ಗೆ ಯಾರಾದರೂ ಮಾದರಿ ಯಾಮಲ್ ನಕಲು ಮಾಡಿ ಸ್ಟೇಟ್‌ಲೆಸ್ ಎಂದೇ ಬಿಟ್ಟಿದ್ದರೆ, ಒಂದು ಮೆಮೊರಿ ಸಂಖ್ಯೆ ಬದಲಿಸಿದ ಮರ್ಜ್‌ಗೇ ತಿಂಗಳ ಸ್ಟೇಟ್ ಹೋಗುತ್ತದೆ. ಪುಲ್ ರಿಕ್ವೆಸ್ಟ್ ರಿವ್ಯೂನಲ್ಲಿ ನಾನು ಮೊದಲು ಕಣ್ಣಾಡಿಸುವುದು ಈ ಸಾಲಿನ ಮೇಲೆ.

ಕಾನ್ಫಿಗ್‌ಮ್ಯಾಪ್ (ಕುಬರ್ನೆಟಿಸ್‌ನಲ್ಲಿಟ್ಟ ಸೆಟ್ಟಿಂಗ್‌ಗಳು) ಬದಲಿಸಿದ ಕೂಡಲೇ ಪಾಡ್‌ಗೆ (ಓಡುತ್ತಿರುವ ಕಂಟೇನರ್‌ಗೆ) ಗೊತ್ತಾಗುತ್ತದೆ ಎನ್ನುವ ನಂಬಿಕೆಯೂ ಬೇಡ. ವಾಲ್ಯೂಮ್ ಆಗಿ ಕೂರಿಸಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಫೈಲ್ ಬದಲಾಗುತ್ತದೆ. ಸಬ್‌ಪಾತ್ ಅಥವಾ ಎನ್ವಿರಾನ್ಮೆಂಟ್ ವೇರಿಯೆಬಲ್ ಆಗಿದ್ದರೆ ಪಾಡ್ ಎದ್ದುಬರುವ ತನಕ ಬದಲಾಗುವುದೇ ಇಲ್ಲ.

ಹಾಗಾದರೆ ನಿಮಗೆ ಯಾವುದು?

ಮೂರು ಬ್ರೋಕರ್, ಒಂದೆರಡು ಜಾಬ್, ಕುಬರ್ನೆಟಿಸ್ ಇಲ್ಲ ಎಂದಾದರೆ ಗಿಟ್, ಆನ್ಸಿಬಲ್ ಮತ್ತು ಸೇವ್‌ಪಾಯಿಂಟ್ ಸ್ಕ್ರಿಪ್ಟ್ ಸಾಕು. ಇದಕ್ಕಾಗಿ ಆಪರೇಟರ್ ಕಲಿಯಲು ಹೋಗಬೇಡಿ. ಜಾಬ್‌ಗಳು ಹತ್ತಾರು ಆಗಿ, ಹಲವು ಟೀಮ್‌ಗಳು ಟಾಪಿಕ್ ಕೇಳುತ್ತಿದ್ದರೆ ಆಪರೇಟರ್‌ಗೆ ಬನ್ನಿ, ಆದರೆ ಕಾಫ್ಕಾ ಮತ್ತು ಫ್ಲಿಂಕ್ ಎರಡನ್ನೂ ಒಟ್ಟಿಗೆ ಸಾಗಿಸಬೇಡಿ. ಫ್ಲಿಂಕ್ ಮೊದಲು ಬರಲಿ. ಅದರ ಸ್ಟೇಟ್‌ಗೆ ಸೇವ್‌ಪಾಯಿಂಟ್ ಇದೆ, ಬ್ರೋಕರ್‌ನ ಡಿಸ್ಕ್‌ಗೆ ಅಂಥದ್ದೇನೂ ಇಲ್ಲ. ಬ್ರಾಡ್‌ಕಾಸ್ಟ್ ಸ್ಟೇಟ್ ಬೇಕಾಗುವುದು ನಿಯಮ ಬದಲಿಸುವವರು ಎಂಜಿನಿಯರ್‌ಗಳಲ್ಲದೆ ಬೇರೆಯವರಾದಾಗ.

ಅಮೆಜಾನ್ ಎಂಎಸ್‌ಕೆಯಂಥ ಮ್ಯಾನೇಜ್ಡ್ (ಕಾಫ್ಕಾವನ್ನು ಅವರೇ ಓಡಿಸಿಕೊಡುವ) ಸೇವೆಗೆ ಹೋದರೂ ಈ ಪ್ರಶ್ನೆಗಳು ತಪ್ಪುವುದಿಲ್ಲ. ಅಲ್ಲಿ ಕಾನ್ಫಿಗ್‌ಗೆ ಆವೃತ್ತಿಗಳಿರುತ್ತವೆ, ಹೊಸ ಆವೃತ್ತಿ ಹಚ್ಚಿದಾಗ ಬ್ರೋಕರ್‌ಗಳನ್ನು ಒಂದೊಂದಾಗಿ ಸುತ್ತುವುದು ಅವರ ಕೆಲಸ. ಆ ಹೊತ್ತಿನಲ್ಲಿ ನಿಮ್ಮ ಪ್ರೊಡ್ಯೂಸರ್‌ಗಳು ಲೀಡರ್ (ಪಾರ್ಟಿಷನ್‌ಗೆ ಬರೆಸಿಕೊಳ್ಳುವ ಬ್ರೋಕರ್) ಬದಲಾವಣೆ ತಡೆದುಕೊಳ್ಳಬೇಕಾದ್ದು ಮಾತ್ರ ನಿಮ್ಮ ಕೆಲಸವೇ. ಯಾವ ಸೆಟ್ಟಿಂಗ್‌ಗಳನ್ನು ಮುಟ್ಟಲು ಬಿಡುತ್ತಾರೆ ಎನ್ನುವ ಪಟ್ಟಿ ಅವರ ಡಾಕ್ಯುಮೆಂಟ್‌ನಲ್ಲಿದೆ. ಕ್ಲಸ್ಟರ್ ಸೃಷ್ಟಿಸುವ ಮೊದಲು ನಿಮ್ಮ ಈಗಿನ ಸರ್ವರ್ ಪ್ರಾಪರ್ಟೀಸ್ ಫೈಲ್ ಪಕ್ಕದಲ್ಲಿಟ್ಟುಕೊಂಡು ಅದನ್ನು ಸಾಲು ಸಾಲಾಗಿ ಹೋಲಿಸಿ.